ಮನೆಯಿಂದಲೇ ಕೆಲಸ, 9 ತಿಂಗಳ ಕೂಸು: ಕಲಬುರಗಿಯಲ್ಲಿ ನೀವೆಲ್ಲ ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ?

ಗೋದುತಾಯಿನಗರದಾಕಿ:
ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಉತ್ತರ ಕೊಟ್ಟರೆ ಭಾಳ ಉಪಕಾರ. ಬೆಂಗಳೂರಿನವರ ಸಲಹೆ ಬೇಕಾದಷ್ಟು ಓದಿದ್ದೇನೆ. ಅಲ್ಲಿ ಬಿಲ್ಡಿಂಗ್ ಕೆಳಗೇ ಡೇ ಕೇರ್, ಫೋನ್ ಒತ್ತಿದರೆ ಆಯಾ. ನಮ್ಮ ಓಣಿಯ ಲೆಕ್ಕವೇ ಬೇರೆ.

ನಾನು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತೇನೆ. ಗಿರಾಕಿಗಳ ಬಿಲ್ಲಿನ ತಕರಾರು ಬಿಡಿಸುವ ಟೀಮು. ಬೆಳಿಗ್ಗೆ 10ರಿಂದ ಸಂಜೆ 7. ಹೆರಿಗೆ ರಜೆ ಮುಗಿಸಿ ಮತ್ತೆ ಸೇರಿದ್ದೇನೆ. ಮಗಳಿಗೆ ಈಗ 9 ತಿಂಗಳು. ಕುರ್ಚಿ ಕಾಲು ಹಿಡಿದು ಎದ್ದು ನಿಲ್ಲುತ್ತಾಳೆ, ಲ್ಯಾಪ್‌ಟಾಪ್ ವೈರ್ ಕಂಡರೆ ಬಿಡುವುದಿಲ್ಲ. ನಮ್ಮ ಮನೆಯವರು ಸರ್ಕಾರಿ ನೌಕರರು, ದಿನಾ ಚಿತ್ತಾಪುರಕ್ಕೆ ಹೋಗಿ ಬರುತ್ತಾರೆ. ಅತ್ತೆ ಮಾವ ಆಳಂದ ಕಡೆ ಹಳ್ಳಿಯಲ್ಲಿದ್ದಾರೆ, ಹೊಲ, ದನ ಬಿಟ್ಟು ಬರುವಂತಿಲ್ಲ. ನಮ್ಮ ಅವ್ವ ಬರಲು ತಯಾರು. ಆದರೆ ಮೊಣಕಾಲು ನೋವು, ಕೂಸಿನ ಹಿಂದೆ ಓಡಲು ಆಗುವುದಿಲ್ಲ.

ಯಾರಿಗೆ ಹೇಳಿದರೂ ಒಂದೇ ಮಾತು. "ನೀ ಮನೆಯಲ್ಲೇ ಇರ್ತೀಯಲ್ಲ, ಮತ್ತೇನು?" ಮನೆಯಲ್ಲೇ ಇದ್ದೇನೆ, ಖರೆ. ಆದರೆ ಕಿವಿಯಲ್ಲಿ ಹೆಡ್‌ಫೋನ್, ಆ ಕಡೆ ಸಿಟ್ಟಿಗೆದ್ದ ಗಿರಾಕಿ. ಆ ಹೊತ್ತಿಗೆ ನಾನು ಮನೆಯಲ್ಲಿ ಇದ್ದೂ ಇಲ್ಲ ಅಲ್ವಾ?

ಇನ್ನೊಂದು ತಲೆನೋವು. ಹೋಳಿ ಬಂತೆಂದರೆ ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ. ಕೂಲರ್ ಇರುವುದು ಒಂದೇ ಕೋಣೆಯಲ್ಲಿ. ಕೂಸು ಮಲಗಬೇಕಾದದ್ದೂ ಅಲ್ಲೇ, ನಾನು ಕೂಡಬೇಕಾದದ್ದೂ ಅಲ್ಲೇ. ಕೂಲರ್ ಹಾಕಿದರೆ ಮೀಟಿಂಗ್‌ನಲ್ಲಿ "ನಿಮ್ಮ ಕಡೆ ಮಳೆ ಜೋರಿದೆಯಾ?" ಎಂದು ಕೇಳುತ್ತಾರೆ. ಬಂದ್ ಮಾಡಿದರೆ ಐದು ನಿಮಿಷಕ್ಕೆ ಕೂಸು ಎದ್ದು ಅಳುತ್ತದೆ.

ಮನೆಗೆ ಕೆಲಸದ ಬಾಯಿ (ಹೆಂಗಸು) ಇಟ್ಟುಕೊಳ್ಳುವುದು ಒಳ್ಳೆಯದಾ, ಡೇ ಕೇರ್‌ಗೆ ಬಿಡುವುದಾ, ಅವ್ವನನ್ನೇ ಕರೆಸುವುದಾ? ನಿಮ್ಮ ಮನೆಯಲ್ಲಿ ನಡೆದದ್ದು ಹೇಳಿ.

ಬೀದರ್‌ವೈನಿ:
ತಂಗಿ, ನಾನು ಬೀದರ್ ನೌಬಾದ್‌ನವಳು. ಹೈದರಾಬಾದ್ ಕಂಪನಿಗೆ ಮನೆಯಿಂದಲೇ ಕೆಲಸ. ಎರಡು ಮಕ್ಕಳನ್ನೂ ಹೀಗೇ ಬೆಳೆಸಿದ್ದು, ಈಗ ದೊಡ್ಡವನು ಶಾಲೆಗೆ ಹೋಗುತ್ತಾನೆ.

ಮೊದಲು ಒಂದು ಮಾತು ತಲೆಯಿಂದ ತೆಗೆದುಹಾಕು. ಮನೆಯಿಂದ ಕೆಲಸ ಮಾಡುವುದಕ್ಕೂ ಕೂಸು ನೋಡಿಕೊಳ್ಳುವುದಕ್ಕೂ ಸಂಬಂಧ ಇಲ್ಲ. ಎರಡೂ ಪೂರಾ ಕೆಲಸ. ಒಬ್ಬಳೇ ಎರಡನ್ನೂ ಮಾಡಿದರೆ ಕೂಸು ಮಲಗಿದ ಮೇಲೆ ರಾತ್ರಿ 12ರ ತನಕ ಲ್ಯಾಪ್‌ಟಾಪ್ ಮುಂದೆ ಕೂಡಬೇಕಾಗುತ್ತದೆ. ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಮೈ ಕೇಳುವುದಿಲ್ಲ.

ಪೂರ್ತಿ ದಿನಕ್ಕೆ ಬಾಯಿ ಹುಡುಕಬೇಡ. ನಮ್ಮ ಕಡೆ ಪೂರ್ತಿ ದಿನಕ್ಕೆ ಯಾರೂ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ. ಅವರ ಮನೆಯಲ್ಲೂ ಅಡುಗೆ, ಮಕ್ಕಳು ಇರುತ್ತಾರೆ. ನಾಲ್ಕು ತಾಸು ಹಿಡಿದುಕೋ. ಬೆಳಿಗ್ಗೆ 10ರಿಂದ 2. ನಿನ್ನ ಗಟ್ಟಿ ಕಾಲ್‌ಗಳೆಲ್ಲ ಆ ಹೊತ್ತಿಗೆ ಬರಲಿ. ಕೂಸು ಮಲಗುವ ಹೊತ್ತಿಗೆ ಟೈಪ್ ಮಾಡುವ ಕೆಲಸ.

ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳು: "ಕೂಸು ಮಾತ್ರ." ಭಾಂಡೆ (ಪಾತ್ರೆ) ಇಲ್ಲ, ಕಸ ಇಲ್ಲ, ಬಟ್ಟೆ ಇಲ್ಲ. ನಮ್ಮ ಮನೆಯಲ್ಲಿ ಮೊದಲು ಬಂದ ಮೌಶಿ ಭಾಳ ಒಳ್ಳೆಯವರು. ಸುಮ್ನೆ ಕೂಡಲು ಸಂಕೋಚ, ಭಾಂಡೆ ತಿಕ್ಕಲು ಶುರು ಮಾಡಿದರು. ನಮ್ಮ ಅತ್ತೆಗೂ ಖುಷಿ ಆಯಿತು. ಕೂಸು ತಿರುಗಿ ನನ್ನ ತೊಡೆ ಮೇಲೆ. ಭಾಂಡೆಗೆ ಬೇರೆ ಬಾಯಿ, ಕೂಸಿಗೆ ಬೇರೆ ಬಾಯಿ. ಇಬ್ಬರಿಗೆ ಸಂಬಳ ಕೊಡುವುದು ಭಾರ ಅನ್ನಿಸಿದರೆ ಭಾಂಡೆ ನೀವಿಬ್ಬರೇ ತಿಕ್ಕಿ, ಕೂಸಿನ ಬಾಯಿಯನ್ನು ಬಿಡಬೇಡಿ.

ಹಳೇಗಂಜ್:
ಇಷ್ಟೆಲ್ಲ ಯಾಕೆ? ಹಳ್ಳಿ ಕಡೆಯಿಂದ 12-13 ವರ್ಷದ ಒಂದು ಹುಡುಗಿ ಕರೆದುಕೊಂಡು ಬನ್ನಿ. ಊಟ, ಬಟ್ಟೆ, ಅವರ ಮನೆಗೆ ತಿಂಗಳಿಗೆ ಒಂದಿಷ್ಟು ಕೊಟ್ಟರೆ ಆಯಿತು. ಮೊದಲೆಲ್ಲ ಎಲ್ಲರ ಮನೆಯಲ್ಲೂ ಹೀಗೇ ನಡೆಯುತ್ತಿತ್ತು. ಕೂಸು ಆಡಿಸಲು ಸಣ್ಣ ಹುಡುಗಿಯರೇ ಚೊಲೊ.

ಕೋರ್ಟ್‌ರಸ್ತೆ:
ಸರ್, ಇದು ಸಲಹೆ ಅಲ್ಲ, ಅಪರಾಧ. ಮನೆಗೆಲಸಕ್ಕೆ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ನಿಷೇಧ. 2016ರ ತಿದ್ದುಪಡಿ ಬಂದ ಮೇಲೆ ಆ ವಯಸ್ಸಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯವರಿಗೆ ಶಾಲೆ ಬಿಟ್ಟ ಮೇಲೆ ಕೈಜೋಡಿಸುವುದು ಬೇರೆ. ನೀವು ಹೇಳುತ್ತಿರುವುದು ಅದಲ್ಲ. 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ದಂಡ, ಎರಡೂ ಆಗಬಹುದು. ಪಕ್ಕದ ಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದರೆ ಸಾಕು.

ಹಳೇಗಂಜ್:
ಕಾನೂನು ಎಲ್ಲರಿಗೂ ಗೊತ್ತು ಸರ್. ಪಾಪ, ಆ ಹುಡುಗಿಗೂ ಎರಡು ಹೊತ್ತು ಊಟ ಸಿಗುತ್ತದೆ ಅಂತ ಹೇಳಿದೆ ಅಷ್ಟೇ.

ರೊಟ್ಟಿಮನೆ:
ಊಟ ಶಾಲೆಯಲ್ಲೂ ಸಿಗುತ್ತದೆ ಕಾಕಾ. ನಾನು ಅಂಥ ಹುಡುಗಿಯಾಗಿ ಒಬ್ಬರ ಮನೆಯಲ್ಲಿ ಇದ್ದವಳು. ಅವರ ಕೂಸು ನನ್ನ ಸೊಂಟದ ಮೇಲೇ ದೊಡ್ಡದಾಯಿತು, ನನ್ನ ಐದನೇ ಕ್ಲಾಸು ಅಲ್ಲೇ ನಿಂತಿತು. ಈ ಮಾತು ಇಲ್ಲಿಗೇ ಬಿಡಿ.

ಗೋದುತಾಯಿನಗರದಾಕಿ:
ದೊಡ್ಡವರನ್ನೇ ಹುಡುಕುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ವೈನಿ, ಒಂದು ಪ್ರಶ್ನೆ. ನನ್ನ ದನಿ ಕೇಳಿದರೆ ಕೂಸು ಬೇರೆ ಯಾರ ಹತ್ತಿರವೂ ನಿಲ್ಲುವುದಿಲ್ಲ. ಪಕ್ಕದ ಕೋಣೆಯಲ್ಲಿ ನಾನು "ಹಲೋ" ಅಂದರೆ ಸಾಕು, ಬಾಗಿಲು ಬಡಿಯುತ್ತಾಳೆ. ಇದಕ್ಕೇನು ಮಾಡಿದಿರಿ?

ಬೀದರ್‌ವೈನಿ:
ಕದ್ದು ಕೋಣೆಗೆ ಹೋಗಬೇಡ. ಕದ್ದು ಹೋದರೆ ಅವಳಿಗೆ ದಿನವಿಡೀ ಅನುಮಾನ, ನಿನ್ನ ಸೆರಗು ಬಿಡುವುದೇ ಇಲ್ಲ. ನಾನು ಚಪ್ಪಲಿ ಹಾಕಿಕೊಂಡು, ಬ್ಯಾಗ್ ಹೆಗಲಿಗೆ ಹಾಕಿ, ಟಾಟಾ ಮಾಡಿ ಮುಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆ. ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಯ ಕೋಣೆಗೆ. ಓಣಿಯವರು ನಕ್ಕರು. ನಗಲಿ. ಮೊದಲ ವಾರ ಟಾಟಾ ಮಾಡುವಾಗ ಅತ್ತ, ಆಮೇಲೆ ತಾನೇ ಕೈ ಬೀಸತೊಡಗಿದ. ನಿಮ್ಮದು ಒಂದೇ ಅಂತಸ್ತಾದರೆ ಮೌಶಿ ಮತ್ತು ಕೂಸು ಆ ಹೊತ್ತಿಗೆ ಪಕ್ಕದ ಮನೆಯ ಕಟ್ಟೆಗೋ ಗುಡಿಗೋ ಹೋಗಲಿ. ಬೆಳಿಗ್ಗೆ 11ರೊಳಗೆ ಮಾತ್ರ, ಆಮೇಲೆ ಬಿಸಿಲು.

ನಿವೃತ್ತಟೀಚರ್:
ನಾನು ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಊರು ಸೇಡಂ ಕಡೆ. ಒಂದಿಷ್ಟು ಹೇಳುತ್ತೇನೆ, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಅಂಗನವಾಡಿಗೆ ಬಿಡಬಹುದಾ ಎಂದು ಭಾಳ ತಾಯಂದಿರು ಕೇಳುತ್ತಾರೆ. ಅಲ್ಲಿ ಕೂಡಿಸಿಕೊಂಡು ಕಲಿಸುವುದು 3ರಿಂದ 6 ವರ್ಷದ ಮಕ್ಕಳನ್ನು. 6 ತಿಂಗಳಿಂದ 3 ವರ್ಷದವರಿಗೆ ಮನೆಗೆ ಒಯ್ಯುವ ಆಹಾರ ಕೊಡುತ್ತಾರೆ, ತೂಕ ನೋಡುತ್ತಾರೆ. ನಿಮ್ಮ ಮಗಳ ಹೆಸರು ಹೇಗೂ ಬರೆಸಿ. ಸಂಬಳದವರು ನಾವು, ನಮಗೇಕೆ ಅನ್ನಬೇಡಿ, ಅದು ಎಲ್ಲರ ಮಕ್ಕಳಿಗೂ ಇರುವುದು. 9 ತಿಂಗಳು ತುಂಬಿದೆ ಅಂದಿರಿ, ದಡಾರ-ರುಬೆಲ್ಲಾ ಲಸಿಕೆ ಮತ್ತು ವಿಟಮಿನ್ ಎ ಹನಿ ಆಗಿದೆಯಾ ನೋಡಿ. ಡೇ ಕೇರ್‌ಗೆ ಬಿಡುವುದಿದ್ದರೆ ಅದು ಮೊದಲು.

ಹಳ್ಳಿಗಳಲ್ಲಿ ಈಗ ಗ್ರಾಮ ಪಂಚಾಯತಿಯ "ಕೂಸಿನ ಮನೆ" ಇದೆ. ಅದು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗೆ. ನಿಮಗೆ ಅದು ಬರುವುದಿಲ್ಲ. ಆದರೆ ಇಲ್ಲಿ ಓದುವವರಲ್ಲಿ ಹಳ್ಳಿಯವರಿದ್ದರೆ ಪಂಚಾಯತಿಯಲ್ಲಿ ವಿಚಾರಿಸಿ. ಕೇಂದ್ರದ "ಪಾಲನಾ" ಯೋಜನೆಯಲ್ಲಿ ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸಲು ಅವಕಾಶ ಇದೆ. ನಿಮ್ಮ ಹತ್ತಿರ ಅಂಥದ್ದು ಇದೆಯಾ ಅಂತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಖಾಸಗಿ ಡೇ ಕೇರ್ ನೋಡಲು ಹೋಗುವವರು ಬೆಳಿಗ್ಗೆ 10ಕ್ಕೆ ಹೋಗಬೇಡಿ. ಆಗ ಎಲ್ಲ ಚೆನ್ನಾಗಿರುತ್ತದೆ, ಗೋಡೆ ಮೇಲಿನ ಚಿತ್ರಗಳನ್ನು ತೋರಿಸಿ ಕಳಿಸುತ್ತಾರೆ. ಮಧ್ಯಾಹ್ನ 2ರ ಸುಮಾರಿಗೆ ಹೇಳದೆ ಹೋಗಿ. ಮಕ್ಕಳು ಮಲಗುವ ಕೋಣೆಗೆ ಕಾಲಿಡಿ. ಗಾಳಿ ಇದೆಯಾ? ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದಾ? ಎಚ್ಚರ ಇರುವ ಒಬ್ಬರು ದೊಡ್ಡವರು ಆ ಕೋಣೆಯಲ್ಲಿ ಇದ್ದಾರಾ? ಬಚ್ಚಲಿಗೆ ಹೋಗಿ ಮೂಗು ಬಿಟ್ಟು ನೋಡಿ. ಒಬ್ಬ ಆಯಾಗೆ ಎಷ್ಟು ಕೂಸುಗಳು ಎಂದು ಕೇಳಿ. "ಹೆಚ್ಚೇನಿಲ್ಲ" ಎಂಬ ಉತ್ತರ ಬಂದರೆ ತಲೆ ನೀವೇ ಎಣಿಸಿ. ಒಳಗೆ ಬಿಡುವುದಿಲ್ಲ, ಗೇಟಿನಲ್ಲೇ ಮಾತಾಡಿ ಅಂದರೆ ತಿರುಗಿ ಬನ್ನಿ.

ಈಗ ಮನೆ. ಮನೆಯಲ್ಲಿ ಬಾಯಿ ಇಟ್ಟುಕೊಂಡರೂ, ಅವ್ವ ಬಂದರೂ ಈ ಎರಡು ಮಾತು ತಪ್ಪದೆ ಹೇಳಿ. ಮೊದಲನೆಯದು ನೀರು. ನಮ್ಮ ಕಡೆ ನಳ ದಿನಾ ಬರುವುದಿಲ್ಲ, ಎಲ್ಲರ ಮನೆಯಲ್ಲೂ ಹೌದು, ಡ್ರಮ್, ಬಕೆಟ್ ತುಂಬಿ ಇಟ್ಟಿರುತ್ತೇವೆ. ಹಿಡಿದು ನಿಲ್ಲುವ ಕೂಸು ಬಕೆಟ್ ಅಂಚು ಹಿಡಿದು ಬಗ್ಗುತ್ತದೆ. ಆ ವಯಸ್ಸಿಗೆ ತಲೆ ಭಾರ, ಮುಂದಕ್ಕೆ ಬಿದ್ದರೆ ಎದ್ದು ಬರಲು ಆಗುವುದಿಲ್ಲ. ಗೇಣು ನೀರೂ ಸಾಕು, ಸದ್ದೂ ಆಗುವುದಿಲ್ಲ. ಬಚ್ಚಲ ಬಾಗಿಲಿಗೆ ಮೇಲೆ ಚಿಲಕ ಹಾಕಿಸಿ, ಡ್ರಮ್ಮಿಗೆ ಗಟ್ಟಿ ಮುಚ್ಚಳ.

ಎರಡನೆಯದು ಶೇಂಗಾ. ನಮ್ಮ ಮನೆಗಳಲ್ಲಿ ಶೇಂಗಾ ಇಲ್ಲದ ಡಬ್ಬಿ ಇಲ್ಲ. ಪ್ರೀತಿಯಿಂದ ಒಂದು ಕಾಳು ಬಾಯಿಗೆ ಹಾಕಿಬಿಡುತ್ತಾರೆ. 4-5 ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬಾರದು. ಉಸಿರ ನಳಿಗೆಯಲ್ಲಿ ಸಿಕ್ಕರೆ ದೊಡ್ಡಾಸ್ಪತ್ರೆಯಲ್ಲಿ ಟ್ಯೂಬ್ ಇಳಿಸಿ ತೆಗೆಯಬೇಕು. ನುಣ್ಣಗೆ ಅರೆದ ಶೇಂಗಾ ಹಿಂಡಿ (ಪುಡಿ) ಖಾರ ಇಲ್ಲದೆ ಗಂಜಿಗೆ ಕಲಸಿ ಕೊಡಿ, ಬೇಡ ಅನ್ನುವುದಿಲ್ಲ. ಬೆಂದ ತೊಗರಿಬೇಳೆಯ ಕಟ್ಟು, ಅನ್ನ, ಮೇಲೆ ತುಪ್ಪ. 9 ತಿಂಗಳ ಕೂಸಿಗೆ ಇದಕ್ಕಿಂತ ಬೇರೆ ಏನು ಬೇಕು?

ಶಹಾಪುರದವಳು:
ಟೀಚರ್ ಹೇಳಿದ ನೀರಿನ ಮಾತು ಓದಿ ಈಗಲೇ ಎದ್ದು ಹೋಗಿ ಬಚ್ಚಲ ಬಾಗಿಲು ಹಾಕಿ ಬಂದೆ.

ನಮ್ಮ ಕಡೆಯ ಕಷ್ಟ ಇನ್ನೊಂದು ಇದೆ. ಬಾಯಿ ಸಿಗುತ್ತಾರೆ, ಸುಗ್ಗಿ ಬಂದರೆ ಹೋಗುತ್ತಾರೆ. ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಹೊತ್ತಿಗೆ, ನಿಮ್ಮ ಕಡೆ ತೊಗರಿ ರಾಶಿ ಹೊತ್ತಿಗೆ, ಹೊಲದ ಕೂಲಿ ನಮ್ಮ ಸಂಬಳಕ್ಕಿಂತ ಚೆನ್ನಾಗಿರುತ್ತದೆ. ಅವರು ಹೋಗುವುದರಲ್ಲಿ ತಪ್ಪೇನೂ ಇಲ್ಲ. ನಾನು ಡಿಸೆಂಬರ್, ಜನವರಿಗೆ ಮೊದಲೇ ರಜೆ ಉಳಿಸಿ ಇಟ್ಟುಕೊಳ್ಳುತ್ತೇನೆ. ಎಳ್ಳಮವಾಸ್ಯೆ ದಿನವಂತೂ ಯಾರೂ ಬರುವುದಿಲ್ಲ. ಎಲ್ಲರೂ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ. ನಮ್ಮ ಮ್ಯಾನೇಜರ್ ಮಂಗಳೂರಿನವರು, ಪಂಚಾಂಗದಲ್ಲಿ ನೋಡಿ "ಅಮಾವಾಸ್ಯೆಗೆಲ್ಲಾ ರಜೆ ಬೇಕಾ?" ಎಂದು ಕೇಳಿದರು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯೆಯ ಫೋಟೋ ಕಳಿಸಿದೆ. ಈಗ ಅವರೇ ಡಿಸೆಂಬರ್ ಬಂದರೆ ಯಾವ ತಾರೀಕು ಎಂದು ಕೇಳುತ್ತಾರೆ.

ಅಪ್ಪನಕೆರೆಅಪ್ಪ:
ತಾಯಂದಿರ ನಡುವೆ ನಾನೊಬ್ಬ ಅಪ್ಪ ಬರಬಹುದಾ? ಪುಣೆ ಕಂಪನಿಗೆ ಮನೆಯಿಂದ ಕೆಲಸ, ಹೆಂಡತಿ ಶಾಲೆಯಲ್ಲಿ ಟೀಚರ್. ನಮ್ಮ ಮಗನನ್ನು ಮಧ್ಯಾಹ್ನದ ತನಕ ನಾನೇ ನೋಡಿಕೊಂಡಿದ್ದು. ಬೆಳಿಗ್ಗೆ 6ಕ್ಕೆ ಕೆಲಸ ಶುರು ಮಾಡಿ 9ರೊಳಗೆ ಅರ್ಧ ಮುಗಿಸುತ್ತಿದ್ದೆ. ಆ ಹೊತ್ತಿಗೆ ನೆಟ್ಟೂ ಚೆನ್ನಾಗಿರುತ್ತದೆ, ಕರೆಂಟೂ ಇರುತ್ತದೆ.

ನಿಮ್ಮ ಯಜಮಾನರು ಸರ್ಕಾರಿ ನೌಕರರು ಅಂದಿರಲ್ಲ. ಏಪ್ರಿಲ್, ಮೇನಲ್ಲಿ ಬಿಸಿಲಿಗೆಂದು ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಮಾಡುತ್ತಾರೆ. ಚಿತ್ತಾಪುರದಿಂದ ಬಂದರೂ 3ರೊಳಗೆ ಮನೆಯಲ್ಲಿರುತ್ತಾರೆ. ಎರಡು ತಿಂಗಳು ನಿಮ್ಮ ಕಾಲ್‌ಗಳನ್ನು 3ರ ನಂತರಕ್ಕೆ ತಳ್ಳಿ, ಕೂಸು ಅವರ ಕೈಗೆ. ಊಟ ಮಾಡಿ ಮಲಗುವ ಅಭ್ಯಾಸ ಇದ್ದರೆ ಈಗಲೇ ಬಿಡಿಸಿ!

ಸೇಡಂಸೊಸೆ:
ಸರ್, ನೀವು ಕೂಸು ಎತ್ತಿಕೊಂಡು ಅಪ್ಪನ ಕೆರೆ ಸುತ್ತಿದರೆ "ಎಂಥಾ ಗಂಡಸು" ಅಂತಾರೆ. ನಾವು ಎತ್ತಿಕೊಂಡು ಮೀಟಿಂಗ್‌ಗೆ ಕೂತರೆ "ಮನೆಯನ್ನೂ ನೋಡಲ್ಲ, ಕೆಲಸವನ್ನೂ ನೋಡಲ್ಲ" ಅಂತಾರೆ. ಒಂದೇ ಕೂಸು, ಎರಡು ಮಾತು.

ಅಪ್ಪನಕೆರೆಅಪ್ಪ:
ಅದು ಖರೆ ಅಕ್ಕ. ಹೊಗಳಿಕೆ ನನಗೆ ಸಿಗುತ್ತದೆ, ರಾತ್ರಿ ಏಳುವುದು ಅವಳು.

ಸೇಡಂಸೊಸೆ:
ಒಪ್ಪಿಕೊಂಡಿರಲ್ಲ, ಸಾಕು.

ಡೇ ಕೇರ್ ಬಗ್ಗೆ ನನ್ನ ಮಾತು. ಮನೆಯಲ್ಲೇ ಇದ್ದು ಕೂಸನ್ನು ಹೊರಗೆ ಬಿಡುತ್ತಾಳೆ ಅಂತ ನಮ್ಮ ಓಣಿಯಲ್ಲಿ ಏನು ಕಡಿಮೆ ಮಾತಾಡಿದರಾ? ಬಾಡಿಗೆ ಮನೆಯ ಮಾಲಕಿಯೇ ಗೇಟಿನಲ್ಲಿ ನಿಂತು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಒಂದೂವರೆ ವರ್ಷಕ್ಕೆ ಬಿಟ್ಟೆ, ಮಗ ಅಲ್ಲಿ ಊಟ ಕಲಿತ. ಆದರೆ ಮೊದಲ ಮಳೆಗಾಲ ಪೂರ್ತಿ ನೆಗಡಿ, ಜ್ವರ. ಕೂಸಿಗೆ ಜ್ವರ ಬಂದ ದಿನ ಡೇ ಕೇರ್ ತೆಗೆದುಕೊಳ್ಳುವುದಿಲ್ಲ. ಆ ದಿನ ಯಾರು ನೋಡುತ್ತಾರೆ ಎಂದು ಮೊದಲೇ ಯೋಚಿಸಿ ಇಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ.

ಜೇವರ್ಗಿಕಾಲೋನಿ:
ಸುಮ್ನೆ ಮೊಬೈಲ್‌ನಲ್ಲಿ ಹಾಡು ಹಾಕಿ ಮುಂದೆ ಇಡಿ. ನಮ್ಮ ಮಗ ಒಂದು ತಾಸು ಅಲ್ಲಾಡುವುದಿಲ್ಲ.

ನಿವೃತ್ತಟೀಚರ್:
ಅಲ್ಲಾಡದೇ ಇರುವುದೇ ತೊಂದರೆ ತಂಗಿ. ಈ ವಯಸ್ಸಿಗೆ ಅಲ್ಲಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಒಂದು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ ಒಂದು ತಾಸು ಮೀರಬಾರದು. ಅಡುಗೆಮನೆಯ ಸ್ಟೀಲ್ ಬಟ್ಟಲು, ಚಮಚ, ಒಂದು ಚಾಪೆ ಕೊಡಿ. ಸದ್ದು ಮಾಡಲಿ.

ಬೀದರ್‌ವೈನಿ:
ಟೀಚರ್, ನೀವು ಹೇಳಿದ್ದು ಸರಿ. ಆದರೆ ಚಮಚದ ಸದ್ದು ಮೀಟಿಂಗ್‌ನಲ್ಲಿ ಕೇಳುತ್ತದೆ. ಬಾಯಿ ಬರದ ದಿನ, ದೊಡ್ಡ ಸಾಹೇಬರ ಕಾಲ್ ಇದ್ದಾಗ, ಹತ್ತು ನಿಮಿಷ ಮೊಬೈಲ್ ಕೊಟ್ಟಿದ್ದೇನೆ. ಅದಕ್ಕೆ ಅತ್ತು ಕೂಡುವುದಿಲ್ಲ. ದಿನಾ ಅದನ್ನೇ ಆಯಾ ಮಾಡಿಕೊಂಡರೆ ಮಾತ್ರ ಕೆಟ್ಟದ್ದು.

ಕೋರ್ಟ್‌ರಸ್ತೆ:
ಮೂಲ ಪ್ರಶ್ನೆಗೆ ಬರುತ್ತೇನೆ. ಮೇಡಂ, ಕಂಪನಿಯನ್ನು ಏನು ಕೇಳಬಹುದು ಎಂದು ಯಾರೂ ಹೇಳಲಿಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ 26 ವಾರದ ರಜೆ ಬಂದದ್ದು ಅದರಿಂದಲೇ. ಅದೇ ತಿದ್ದುಪಡಿಯಲ್ಲಿ, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಬರಬಹುದು ಎಂದಿದೆ. ಕೆಲಸದ ರೀತಿಗೆ ಹೊಂದುವುದಾದರೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಇಬ್ಬರೂ ಒಪ್ಪಿ ಮಾತಾಡಿಕೊಳ್ಳಬಹುದು ಎಂದೂ ಇದೆ. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳು ಇವೆ.

ಬೆಂಗಳೂರಿನ ಆಫೀಸಿನಲ್ಲಿರುವ ಕೇಂದ್ರ ಗೋದುತಾಯಿ ನಗರದ ಕೂಸಿಗೆ ಏನು ಪ್ರಯೋಜನ ಅಂತೀರಾ? ಅದಕ್ಕೇ ಎಚ್‌ಆರ್‌ಗೆ ಮೇಲ್ ಬರೆಯಿರಿ. ಅದರ ಬದಲು ಇಲ್ಲಿಯ ಡೇ ಕೇರ್ ಖರ್ಚಿನಲ್ಲಿ ಒಂದು ಪಾಲು ಕೊಡಲು ಆಗುತ್ತದಾ ಕೇಳಿ. ದುಡ್ಡು ಕೊಡಲೇಬೇಕು ಎಂದು ಕಾಯ್ದೆಯಲ್ಲಿಲ್ಲ, ಕೆಲವು ಕಂಪನಿಗಳು ತಾವಾಗಿ ಕೊಡುತ್ತವೆ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಇನ್ನೊಂದು, ಇದು ಹಳೆಯ ಕಾಯ್ದೆಯಲ್ಲೇ ಇದ್ದದ್ದು. ಕೂಸಿಗೆ 15 ತಿಂಗಳಾಗುವ ತನಕ, ಊಟದ ಬಿಡುವಿನ ಮೇಲೆ ದಿನಕ್ಕೆ 2 ಸಲ ಹಾಲುಣಿಸುವ ಬಿಡುವು ನಿಮ್ಮ ಹಕ್ಕು.

ಗೋದುತಾಯಿನಗರದಾಕಿ:
ಸರ್, ಈ ಕೊನೆಯದು ನನಗೆ ಗೊತ್ತೇ ಇರಲಿಲ್ಲ! ನಾನು "ನೆಟ್ ಹೋಗಿತ್ತು" ಎಂದು ಸುಳ್ಳು ಹೇಳಿ ಹಾಲು ಕುಡಿಸುತ್ತಿದ್ದೆ. ಇವತ್ತೇ ಕ್ಯಾಲೆಂಡರ್‌ನಲ್ಲಿ ಬೆಳಿಗ್ಗೆ 11:30 ಮತ್ತು ಸಂಜೆ 4ಕ್ಕೆ ಬ್ಲಾಕ್ ಹಾಕುತ್ತೇನೆ. ಕಾರಣದ ಜಾಗದಲ್ಲಿ ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ.

ಸ್ಟಾಫ್‌ನರ್ಸ್:
ಎಂದಾದರೂ ಹೊರಗೆ ಹೋಗುವ ದಿನಕ್ಕೆ ಹಾಲು ಹಿಂಡಿ ಇಡುವುದಿದ್ದರೆ ಇದು ನೆನಪಿರಲಿ. 4 ತಾಸು ಹೊರಗೆ ಇಡಬಹುದು ಎಂದು ಎಲ್ಲ ಕಡೆ ಬರೆದಿರುತ್ತದೆ, ಆದರೆ ಅದು 25 ಡಿಗ್ರಿ ತನಕದ ಕೋಣೆಗೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 42, ಒಳಗೂ ಕುದಿ. ಹಿಂಡಿದ ತಕ್ಷಣ ಫ್ರಿಜ್‌ಗೆ. ಅಲ್ಲಿ 4 ದಿನ ಇರುತ್ತದೆ. ಬಾಗಿಲಿನ ಕಪಾಟಿನಲ್ಲಿ ಬೇಡ, ಒಳಗೆ ಹಿಂದೆ ಇಡಿ. ಕೂಸು ಕುಡಿದು ಬಿಟ್ಟದ್ದನ್ನು 2 ತಾಸು ಮೀರಿ ಇಡಬೇಡಿ. ಬಾಯಿಗೆ ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬಾಟಲಿಗೆ ಟೇಪ್ ಅಂಟಿಸಿ ಹೊತ್ತು ಬರೆಯಿರಿ.

ರೊಟ್ಟಿಮನೆ:
ನೀವೆಲ್ಲ ಲ್ಯಾಪ್‌ಟಾಪ್‌ನವರು, ನಾನು ಹಂಚಿನವಳು. ಶಹಾಬಜಾರ್ ಕಡೆ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತೇನೆ. ಈಗ "ಕಲಬುರಗಿ ರೊಟ್ಟಿ" ಎಂದು ಹೆಸರು ಹಾಕಿ ಹೊರಗಿನ ಊರಿಗೂ ಹೋಗುತ್ತಿದೆ, ಆರ್ಡರ್ ಜಾಸ್ತಿ ಇದೆ. ನನ್ನದೂ ಮನೆಯಿಂದ ಕೆಲಸವೇ. ನಿಮಗೆ ವೈರ್ ಚಿಂತೆ, ನನಗೆ ಬೆಂಕಿ ಚಿಂತೆ. ಹಂಚು ಬಿಸಿ ಇರುವಾಗ ಕೂಸು ಆ ಕೋಣೆಯ ಹೊಸ್ತಿಲು ದಾಟಬಾರದು.

ನಾವು ಓಣಿಯಲ್ಲಿ ರೊಟ್ಟಿ ಬಡಿಯುವ ನಾಲ್ಕು ಮಂದಿ ಇದ್ದೇವೆ. ದಿನಾ ಒಬ್ಬರು ಬಡಿಯುವುದಿಲ್ಲ, ಎಲ್ಲರ ಮಕ್ಕಳನ್ನು ನೋಡುತ್ತಾರೆ. ಆ ದಿನದ ಅವರ ರೊಟ್ಟಿ ಉಳಿದ ಮೂವರು ಬಡಿದು ಲೆಕ್ಕಕ್ಕೆ ಹಾಕುತ್ತೇವೆ. ದುಡ್ಡಿನ ಮಾತೇ ಇಲ್ಲ. ನಿಮ್ಮ ಓಣಿಯಲ್ಲೂ ಇಂಥ ತಾಯಂದಿರು ಇರಲೇಬೇಕು, ಎಲ್ಲರೂ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಒದ್ದಾಡುತ್ತೀರಿ ಅಷ್ಟೇ. ಸಂಕ್ರಾಂತಿಗೆ ಎಳ್ಳು ಬೀರುವಾಗ ಹತ್ತು ಮನೆಗೆ ಹೋಗುತ್ತೀರಿ, ಕೂಸಿನ ಮಾತು ಎತ್ತಲು ಸಂಕೋಚ.

ಶಹಾಪುರದವಳು:
ಅಕ್ಕ, ನಿಮ್ಮದು ಎಲ್ಲಕ್ಕಿಂತ ಚೆನ್ನಾಗಿದೆ. ನಮಗೆ ಸರದಿ ಹಾಕಲು ಆಗುವುದಿಲ್ಲ, ನನ್ನ ದಿನದ ಗಿರಾಕಿಗಳನ್ನು ಬೇರೆಯವರು ನೋಡುವಂತಿಲ್ಲ. ಆದರೆ ಇಬ್ಬರು ತಾಯಂದಿರು ಸೇರಿ ಒಬ್ಬ ಬಾಯಿಯನ್ನು ಇಟ್ಟುಕೊಳ್ಳಬಹುದು ಅಲ್ವಾ? ಒಂದೇ ಮನೆಯಲ್ಲಿ ಎರಡು ಕೂಸು, ಸಂಬಳ ಅರ್ಧರ್ಧ, ಆ ಬಾಯಿಗೂ ಒಂದು ಕೂಸಿಗಿಂತ ಜಾಸ್ತಿ ದುಡ್ಡು.

ಗೋದುತಾಯಿನಗರದಾಕಿ:
ಅವ್ವನ ವಿಷಯ ಇನ್ನೂ ತಲೆಯಲ್ಲಿದೆ. ಅವಳೇ ಬರುತ್ತೇನೆ ಎಂದು ಹಟ ಮಾಡುತ್ತಿದ್ದಾಳೆ. ಬಾಯಿ ಇಟ್ಟರೆ "ನನ್ನ ಮೇಲೆ ನಂಬಿಕೆ ಇಲ್ಲೇನು?" ಎಂದು ಬೇಜಾರು.

ಸೇಡಂಸೊಸೆ:
ಅವ್ವನನ್ನು ಕರೆಸಿ, ಬಾಯಿಯನ್ನೂ ಇಡಿ. ಎತ್ತುವುದು, ಓಡುವುದು ಬಾಯಿ. ಕಣ್ಣಿಡುವುದು, ಊಟ ಮಾಡಿಸುವುದು, ತೊಟ್ಟಿಲು ತೂಗುವುದು ಅವ್ವ. ಮನೆಯಲ್ಲಿ ಒಬ್ಬರು ಹಿರಿಯರು ಕೂತಿದ್ದರೆ ಬಾಯಿಗೂ ಧೈರ್ಯ, ನಿಮಗೂ ಧೈರ್ಯ.

ಇನ್ನೊಂದು ಹೇಳುತ್ತೇನೆ, ಬೈಯಬೇಡಿ. ಅವ್ವನಿಗೂ ತಿಂಗಳಿಗೆ ಒಂದಿಷ್ಟು ಕೊಡಿ.

ಜೇವರ್ಗಿಕಾಲೋನಿ:
ಹೆತ್ತ ತಾಯಿಗೆ ಸಂಬಳವಾ? ಮೊಮ್ಮಗಳನ್ನು ನೋಡಲು? ಇದ್ಯಾಕೋ ಸರಿ ಕಾಣಲಿಲ್ಲ.

ಸೇಡಂಸೊಸೆ:
ಸಂಬಳ ಎಂದು ಯಾರು ಹೇಳಿದರು? ನಮ್ಮ ಅತ್ತೆ ನನ್ನ ಮಗನನ್ನು ನೋಡಲು ಬಂದಾಗ ಊರಲ್ಲಿ ಹಾಲು ಮಾರುವುದು ಬಿಟ್ಟು ಬಂದರು. ಕೈಯಲ್ಲಿ ಓಡಾಡುತ್ತಿದ್ದ ದುಡ್ಡು ನಿಂತಿತು. ಮಗನ ಹತ್ತಿರ ಬಸ್ ಚಾರ್ಜಿಗೆ ಕೇಳುವ ಪರಿಸ್ಥಿತಿ. ನಾನು ಅವರ ಹೆಸರಲ್ಲಿ ಮಹಿಳಾ ಸಂಘದಲ್ಲಿ ತಿಂಗಳಿಗಿಷ್ಟು ಎಂದು ಕಟ್ಟತೊಡಗಿದೆ. ಪಾಸ್‌ಬುಕ್ ಅವರ ಕೈಯಲ್ಲಿ. ಬಾಯಲ್ಲಿ "ಬೇಡ ಬೇಡ" ಅಂದರು, ಪಾಸ್‌ಬುಕ್ ಮಾತ್ರ ಟ್ರಂಕಿನೊಳಗೆ ಸೀರೆ ಅಡಿಯಲ್ಲಿ ಇಟ್ಟುಕೊಂಡರು.

ಬೀದರ್‌ವೈನಿ:
ಇದಕ್ಕೆ ನನ್ನ ಪೂರಾ ಒಪ್ಪಿಗೆ. ಹಿರಿಯರ ಶ್ರಮ ಪುಕ್ಕಟೆ ಎಂದು ನಾವು ತಿಳಿದಿದ್ದೇವೆ. ವಾರಕ್ಕೆ ಒಂದು ದಿನ ಅವರಿಗೂ ರಜೆ ಕೊಡಬೇಕು. ನಿನ್ನ ಅವ್ವ ಭಾನುವಾರ ಶರಣಬಸವೇಶ್ವರ ಗುಡಿಗೆ ಹೋಗಲಿ, ಮಧ್ಯಾಹ್ನ ತನಕ ತಿರುಗಿ ಬರುವುದು ಬೇಡ.

ಗೋದುತಾಯಿನಗರದಾಕಿ:
ಎಲ್ಲರಿಗೂ ಒಂದು ಸುದ್ದಿ. ಹಿಂದಿನ ಓಣಿಯಲ್ಲಿ ಒಬ್ಬರು ಮೌಶಿ ಸಿಕ್ಕರು. ಮಕ್ಕಳು ದೊಡ್ಡವರು, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಅಂದರು. ಬೆಳಿಗ್ಗೆ 10ರಿಂದ 2, ಕೂಸು ಮಾತ್ರ. ಅವ್ವನೂ ಬಂದಿದ್ದಾಳೆ. ಮೊದಲ ದಿನ ಮೌಶಿಯನ್ನು ಊರು, ಮನೆತನ, ಯಾರ ಪೈಕಿ ಎಂದೆಲ್ಲ ಕೇಳಿ ಕೇಳಿ ಸುಸ್ತು ಮಾಡಿದಳು. ಸಂಜೆಯೊಳಗೆ ಇಬ್ಬರೂ ಸೇರಿ ನನ್ನ ಅಡುಗೆಗೆ ಹೆಸರಿಡುತ್ತಿದ್ದರು, ಅಂದರೆ ಹೊಂದಿಕೊಂಡರು.

ನಿನ್ನೆ ನಡೆದದ್ದು ಹೇಳುತ್ತೇನೆ. ದೊಡ್ಡ ಗಿರಾಕಿಯ ಕಾಲ್ ನಡೆದಿತ್ತು. ನಡುವೆ ಹೊರಗಿನಿಂದ "ನಳ ಬಂತು, ನಳ ಬಂತು" ಎಂದು ಓಣಿಯೆಲ್ಲ ಕೂಗು. ಮೊದಲಾದರೆ ನಾನೇ ಹೆಡ್‌ಫೋನ್ ಬಿಸಾಕಿ ಮೋಟರ್ ಹಾಕಲು ಓಡಬೇಕಿತ್ತು. ಅವ್ವ ಕೂತಲ್ಲಿಂದ ಮೌಶಿಗೆ ಹೇಳಿದಳು, "ಯವ್ವಾ, ಕೂಸು ನನ್ನ ತೊಡೆ ಮೇಲೆ ಹಾಕು, ನೀ ಮೋಟರ್ ನೋಡು." ನೀರು ತುಂಬಿದ ಮೇಲೆ ಡ್ರಮ್ಮಿನ ಮುಚ್ಚಳದ ಮೇಲೆ ಬೀಸುವ ಕಲ್ಲಿನ ಮೇಲಿನ ಪಾಳಿ ಎತ್ತಿ ಇಟ್ಟಿದ್ದಾರೆ. ಟೀಚರ್, ನಿಮ್ಮ ಮಾತು ಓದಿ ಹೇಳಿದ್ದೆ. ಈಗ ನಾನೇ ಮುಚ್ಚಳ ತೆಗೆಯಲು ಆಗುತ್ತಿಲ್ಲ.

ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ, "ನೋಡುತ್ತೇವೆ" ಎಂದಿದ್ದಾರೆ. ಹಾಲುಣಿಸುವ ಬಿಡುವಿಗೆ ಮಾತ್ರ ಏನೂ ಅನ್ನಲಿಲ್ಲ. ಶರಣಬಸವೇಶ್ವರ ಜಾತ್ರೆಗೆ ಮೌಶಿ ಎರಡು ದಿನ ರಜೆ ಕೇಳಿದ್ದಾರೆ, ಸಂಬಳ ಹಿಡಿಯುವುದಿಲ್ಲ ಎಂದಿದ್ದೇನೆ.

ಬಗೆಹರಿಯದೇ ಉಳಿದದ್ದು ಸಂಜೆ 5ರಿಂದ 7. ಅವ್ವನಿಗೆ ಆ ಹೊತ್ತಿಗೆ ಸುಸ್ತು, ಕೂಸಿಗೆ ಆಗಲೇ ಹುರುಪು. ಏಪ್ರಿಲ್‌ನಿಂದ ಮನೆಯವರು ಬೇಗ ಬರುತ್ತಾರೆ, ಜೂನ್‌ನಿಂದ ಮತ್ತೆ ಅದೇ ರಗಳೆ.

ಅಪ್ಪನಕೆರೆಅಪ್ಪ:
ಅಕ್ಕಪಕ್ಕ ಡಿಗ್ರಿ ಓದುವ ಹುಡುಗಿಯರು ಇದ್ದರೆ ಕೇಳಿ. ಕಾಲೇಜು ಮುಗಿಸಿ ಬಂದು ಎರಡು ತಾಸು ಆಡಿಸಲು ನಮಗೆ ಒಬ್ಬಳು ಸಿಕ್ಕಿದ್ದಳು. 18 ದಾಟಿದವಳು, ಪುಸ್ತಕದ ಖರ್ಚು ಅವಳೇ ನೋಡಿಕೊಳ್ಳುತ್ತಿದ್ದಳು. ನೀವು ಮನೆಯಲ್ಲೇ ಇರುವುದರಿಂದ ಅವರ ತಂದೆತಾಯಿಯೂ ಬೇಡ ಅನ್ನುವುದಿಲ್ಲ. ಪರೀಕ್ಷೆ ಇದ್ದಾಗ ಮಾತ್ರ ಬರಲ್ಲ.

ಜೇವರ್ಗಿಕಾಲೋನಿ:
ಆ ಮೌಶಿ 2ರ ಮೇಲೆ ಖಾಲಿ ಇರುತ್ತಾರಾ ಅಕ್ಕ? ನಮಗೂ ಒಬ್ಬರು ಬೇಕಿತ್ತು. ಮೊಬೈಲ್ ಬಿಡಿಸಬೇಕು.

ಗೋದುತಾಯಿನಗರದಾಕಿ:
ಕೇಳಿದೆ. 3ರಿಂದ 6 ಬರಬಹುದಂತೆ. ಆಟೋ ಚಾರ್ಜ್ ನಿಮ್ಮದು, ಮತ್ತೆ ಭಾಂಡೆ ತಿಕ್ಕುವುದಿಲ್ಲ ಎಂದು ಅವರೇ ಮೊದಲು ಹೇಳಿ ಕಳಿಸಿದ್ದಾರೆ. ಒಪ್ಪಿಗೆ ಇದ್ದರೆ ನಾಳೆ 2ಕ್ಕೆ ನಮ್ಮ ಮನೆಗೇ ಬನ್ನಿ, ಎದುರಿಗೇ ಮಾತಾಡಿ.